ಗಾಳಿಯ ಪಾಲುಗಾರರು

ಬೀಸುವ ಗಾಳಿಗೆ ಒಡೆಯರುಂಟೆ? ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಬಳಿ, ಮಿಡಲ್‌ಗ್ರುಂಡನ್ ಎಂಬ ಆಳವಿಲ್ಲದ ಕಡಲಿನಲ್ಲಿ, 2000ದಲ್ಲಿ ತಲಾ 2 ಮೆಗಾವಾಟ್ ಸಾಮರ್ಥ್ಯದ 20 ಗಾಳಿಯಂತ್ರಗಳನ್ನು ನಿಲ್ಲಿಸಲಾಯಿತು. ಅವುಗಳಲ್ಲಿ 10 ಯಂತ್ರಗಳು ಒಂದು ಸಹಕಾರ ಸಂಘದ ಸ್ವತ್ತಾದವು. ವರ್ಷಕ್ಕೆ 1,000 ಯೂನಿಟ್ ವಿದ್ಯುತ್ತಿಗೆ ಒಂದು ಪಾಲೆಂಬ ಲೆಕ್ಕದಲ್ಲಿ 8,500ಕ್ಕೂ ಹೆಚ್ಚು ಜನರು ಅದರ ಸದಸ್ಯರಾದರು.

ಆದರೆ ಹಣ ಕೂಡಿದ ಮಾತ್ರಕ್ಕೆ ವಿದ್ಯುತ್ತು ಹುಟ್ಟುವುದಿಲ್ಲ. ಗಾಳಿಯ ವೇಗ ಇಮ್ಮಡಿಸಿತೆನ್ನೋಣ. ಆಗ ಪ್ರತಿ ಕ್ಷಣವೂ ಯಂತ್ರದ ಅಲಗುಗಳನ್ನು ಹಾಯುವ ಗಾಳಿಯ ಪ್ರಮಾಣ ಇಮ್ಮಡಿಯಾಗುತ್ತದೆ. ಅದರ ಪ್ರತಿಯೊಂದು ಕಿಲೋಗ್ರಾಮಿನ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಒಟ್ಟಿನಲ್ಲಿ ದೊರೆಯುವ ಸಾಮರ್ಥ್ಯ ಎಂಟುಮಡಿ! ವೇಗ ಅರ್ಧಕ್ಕಿಳಿದರೆ ಉಳಿಯುವುದು ಎಂಟರಲ್ಲೊಂದು ಪಾಲು ಮಾತ್ರ. ಸ್ಥಳದ ಆಯ್ಕೆ ತಪ್ಪಿದರೆ ಪಾಲುಗಾರರ ಉಳಿತಾಯವೆಲ್ಲ ಗಾಳಿಪಾಲಾದೀತು.

ಇದನ್ನರಿತ ಡೆನ್ಮಾರ್ಕಿನ ಗಾಳಿಯಂತ್ರಗಳ ಒಡೆಯರು 1978ರಲ್ಲಿಯೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡಿದ್ದರು. ಯಾವ ಯಂತ್ರ ಎಷ್ಟು ವಿದ್ಯುತ್ತನ್ನು ನೀಡಿತು, ಯಾವುದು ಏತಕ್ಕೆ ಕೆಟ್ಟಿತು ಎಂಬ ವರದಿಗಳನ್ನು ಅವರು ತಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸುತ್ತ ಬಂದರು. ಒಬ್ಬರ ಯಂತ್ರದ ದೋಷ ಎಲ್ಲರಿಗೂ ಪಾಠವಾಯಿತು. ಯಂತ್ರ ತಯಾರಿಸುವವರೂ ಅದರಿಂದ ಕಲಿತರು. ಕೂಡಿಟ್ಟ ಬಂಡವಾಳದಷ್ಟೇ ಬೆಲೆ ಹಂಚಿಕೊಂಡ ಅನುಭವಕ್ಕೂ ಉಂಟೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.