ವಿಶೇಷ ಶಿಕ್ಷಕರಿಗೆ ನೋಂದಣಿ ಏಕೆ?

ರೋಗಿಗೆ ಔಷಧ ಕೊಡುವವರ ಹೆಸರು ವೈದ್ಯರ ಪಟ್ಟಿಯಲ್ಲಿರಬೇಕು. ನ್ಯಾಯಾಲಯದಲ್ಲಿ ವಾದಿಸುವವರಿಗೆ ಸನ್ನದು ಇರಬೇಕು. ಇದನ್ನು ನಾವೆಲ್ಲರೂ ಬಲ್ಲೆವು. ಆದರೆ ಕಿವಿ ಕೇಳಿಸದ, ಕಣ್ಣು ಕಾಣಿಸದ ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಪಾಠ ಹೇಳುವ ವಿಶೇಷ ಶಿಕ್ಷಕರಿಗೂ ನಮ್ಮ ದೇಶದ ಕಾನೂನು ಅಂಥದೇ ನೋಂದಣಿಯನ್ನು ವಿಧಿಸಿದೆಯೆಂಬುದು ಹಲವರಿಗೆ ತಿಳಿಯದು. ಪ್ರೀತಿ, ತಾಳ್ಮೆಗಳಿದ್ದರೆ ಸಾಲದೆ? ನೋಂದಣಿಯ ಕಟ್ಟು ಏತಕ್ಕೆ? ಈ ಪ್ರಶ್ನೆಗೆ ಉತ್ತರವನ್ನು ಭೌತವಿಜ್ಞಾನದಿಂದಲೇ ಆರಂಭಿಸೋಣ.

ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳ ಕಡೆ ಮುಂಗಾರು ಮಳೆ ಎಡೆಬಿಡದೆ ಸುರಿಯುತ್ತದೆ. ಅಲ್ಲಿಯ ಒಂದು ಶಾಲೆಯ ಕೊಠಡಿಯನ್ನು ಕಲ್ಪಿಸಿಕೊಳ್ಳಿ. ಶಿಕ್ಷಕರ ಮಾತು ಒಂದು ಮೀಟರ್ ದೂರದಲ್ಲಿ 65 ಡೆಸಿಬೆಲ್ ಇರಲಿ. ದೂರ ಇಮ್ಮಡಿಯಾದಾಗ ಶಬ್ದದ ತೀವ್ರತೆ ನಾಲ್ಕರಲ್ಲೊಂದು ಪಾಲಿಗಿಳಿಯುತ್ತದೆ. ಅಂದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. ನಾಲ್ಕು ಮೀಟರ್ ದೂರದ ಬೆಂಚನ್ನು ತಲುಪುವ ನೇರ ಧ್ವನಿ ಕೇವಲ 53 ಡೆಸಿಬೆಲ್. ಗೋಡೆಗಳಿಂದ ಮರಳುವ ಧ್ವನಿ ಇದಕ್ಕೆ ಸೇರುವುದಾದರೂ, ಅದು ತಡವಾಗಿ ಬಂದು ಅಕ್ಷರಗಳನ್ನು ಕಲಸಿಬಿಡುತ್ತದೆ. ಮಾಡಿನ ಮೇಲಿನ ಮಳೆಯ ಸದ್ದು 55 ಡೆಸಿಬೆಲ್ ಆದರೆ, ಮಾತು ಸದ್ದಿನಲ್ಲಿ ಮುಳುಗಿದಂತೆಯೇ ಸರಿ. ಕಿವಿ ಚೆನ್ನಾಗಿರುವ ಮಗು ಹೇಗೋ ಊಹಿಸಿಕೊಂಡೀತು. ಶ್ರವಣದೋಷವುಳ್ಳ ಮಗುವಿನ ಗತಿಯೇನು? ಶ್ರವಣಸಾಧನ ಹಾಕಿದರಾಯಿತೆನ್ನುವಿರಾ? ಸಾಮಾನ್ಯ ಸಾಧನವು ಮಾತಿನೊಡನೆ ಮಳೆಯನ್ನೂ ಹಿಗ್ಗಿಸುತ್ತದೆ.

ಆಗ ಕರುಣಾಳುವಾದ ಶಿಕ್ಷಕರು ಗಟ್ಟಿಯಾಗಿ ಕೂಗಿ ಹೇಳುವುದು ಸಹಜ. ಆದರೆ ಕೂಗಿನಿಂದ ಹೆಚ್ಚುವುದು ಮುಖ್ಯವಾಗಿ ಸ್ವರಗಳ ಬಲ. ಸಕಾರ, ಶಕಾರಗಳಂಥ ವ್ಯಂಜನಗಳು ಹೆಚ್ಚಿನ ಕಂಪನಾಂಕದ, ಕ್ಷೀಣವಾದ ಶಬ್ದಗಳು. ಆ ಕಂಪನಾಂಕಗಳಲ್ಲಿ ಕಿವುಡಾದ ಮಗುವಿಗೆ 'ಸಾಲು', 'ಶಾಲು', 'ಹಾಲು' ಎಲ್ಲವೂ ಒಂದೇ. ಅದು ತಪ್ಪು ಬರೆಯುತ್ತದೆ. ದಡ್ಡನೆಂಬ ಹೆಸರು ಪಡೆಯುತ್ತದೆ. ಕೊನೆಗೆ ಶಾಲೆಯನ್ನೇ ಬಿಡುತ್ತದೆ. ದೋಷವಿದ್ದುದು ಕಿವಿಯಲ್ಲಿ, ಶಿಕ್ಷೆ ಮಾತ್ರ ಬುದ್ಧಿಗೆ!

ತರಬೇತಿ ಪಡೆದವರು ಇಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತಾರೆ. ಮಗುವಿನ ಶ್ರವಣಲೇಖವನ್ನು ಓದಿ, ಯಾವ ಧ್ವನಿ ಕೇಳದೆಂದು ಅರಿಯುತ್ತಾರೆ. ಮಗುವನ್ನು ಹತ್ತಿರ ಕೂರಿಸಿ, ತಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲುತ್ತಾರೆ. ಸಾಧನದ ಬ್ಯಾಟರಿಯನ್ನು ದಿನವೂ ಪರೀಕ್ಷಿಸುತ್ತಾರೆ. ಅಗತ್ಯವಿದ್ದಲ್ಲಿ ಸಂಜ್ಞಾಭಾಷೆಯನ್ನು ಬಳಸುತ್ತಾರೆ.

ದೃಷ್ಟಿಹೀನ ಮಕ್ಕಳ ಶಿಕ್ಷಕರು ಕಲಿಯಬೇಕಾದುದು ಇನ್ನೊಂದು ವಿದ್ಯೆ. ಬ್ರೈಲ್ ಲಿಪಿಯ ಆರು ಚುಕ್ಕಿಗಳಿಂದ 63 ಗುರುತುಗಳನ್ನು ರಚಿಸಬಹುದು. ಕನ್ನಡಕ್ಕೆ ಬಳಸುವ ಭಾರತೀ ಬ್ರೈಲ್‌ನಲ್ಲಿ ಒಂದನೆಯ ಚುಕ್ಕಿ 'ಅ'; ಒಂದು ಮತ್ತು ಮೂರನೆಯವು ಕೂಡಿದರೆ 'ಕ'. ಒತ್ತಕ್ಷರವನ್ನು ಕೆಳಗೆ ಬರೆಯಲು ಇಲ್ಲಿ ಎಡೆಯಿಲ್ಲ. 'ಅಮ್ಮ' ಎಂದು ಬರೆಯಲು 'ಅ'ಕಾರದ ನಂತರ ನಾಲ್ಕನೆಯ ಚುಕ್ಕಿಯನ್ನಿಟ್ಟು, ಬಳಿಕ ಎರಡು 'ಮ'ಕಾರಗಳನ್ನು ಸಾಲಾಗಿ ಬರೆಯಬೇಕು. ಸದುದ್ದೇಶವೊಂದರಿಂದಲೇ ಇದು ಬಂದೀತೆ?

ಈ ಕಾರಣದಿಂದಲೇ ಸಂಸತ್ತು 1992ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯನ್ನು ರಚಿಸಿತು. ಪರಿಷತ್ತು ಮಾನ್ಯಮಾಡಿದ ಶಿಕ್ಷಣವನ್ನು ಪೂರೈಸಿ, ಕೇಂದ್ರ ಪುನರ್ವಸತಿ ದಾಖಲೆ ಪುಸ್ತಕದಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಈ ವೃತ್ತಿಯನ್ನು ನಡೆಸಬಹುದು. ಮೀರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, 1000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಪಿ.ಯು.ಸಿ. ಮುಗಿಸಿದವರಿಗೆ ಎರಡು ವರ್ಷಗಳ ವಿಶೇಷ ಶಿಕ್ಷಣದ ಡಿಪ್ಲೊಮಾ ಒಂದು ಹಾದಿ. ಪದವೀಧರರಿಗೆ ವಿಶೇಷ ಶಿಕ್ಷಣದ ಬಿ.ಎಡ್. ಇನ್ನೊಂದು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ ಮೊದಲಾಗಿ ಒಂದೊಂದಕ್ಕೂ ಪ್ರತ್ಯೇಕ ವ್ಯಾಸಂಗವಿದೆ. ಓದಿನೊಡನೆ ವಿಶೇಷ ಶಾಲೆಗಳಲ್ಲಿ ಪಾಠ ಹೇಳುವ ಅಭ್ಯಾಸವೂ ಕಡ್ಡಾಯ. ನಮ್ಮ ನಾಡಿನಲ್ಲಿ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಗೆ ಹೆಸರಾಗಿದೆ.

ಬೆಳಗಾವಿ ನಗರದಲ್ಲಿ ಶ್ರವಣದೋಷವುಳ್ಳ ಮಕ್ಕಳ ಸರ್ಕಾರಿ ಶಾಲೆಯೂ, ಮಾಹೇಶ್ವರಿ ಅಂಧರ ಶಾಲೆಯೂ ಇವೆ. ಆದರೆ ಕಾಡಂಚಿನ ಹಳ್ಳಿಯ ಮಗು ಮನೆಬಿಟ್ಟು ನಗರಕ್ಕೆ ಬರಬೇಕೆಂಬುದು ಇಂದಿನ ಧೋರಣೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಉಳಿದ ಮಕ್ಕಳೊಡನೆಯೇ ಕಲಿಯುವ ಅವಕಾಶವನ್ನು ಹಕ್ಕೆಂದು ಸಾರಿದೆ. ಹಾಗಾದರೆ ಶಿಕ್ಷಕರೇ ಮಗುವಿನ ಬಳಿಗೆ ಹೋಗಬೇಕಷ್ಟೆ. ಕೇಂದ್ರ ಸರ್ಕಾರವು 2022ರಲ್ಲಿ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೊಬ್ಬ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಗೊತ್ತುಪಡಿಸಿತು. ಪಟ್ಟಣದ ಶಾಲೆಯಲ್ಲಿ ಈ ಹತ್ತು ಮಕ್ಕಳು ಒಂದೇ ಅಂಗಳದಲ್ಲಿ ಸಿಕ್ಕಾರು. ಖಾನಾಪುರದಂಥ ವಿಶಾಲ ತಾಲ್ಲೂಕಿನಲ್ಲಿ ಅವರು ಹತ್ತು ಹಳ್ಳಿಗಳಲ್ಲಿ ಚದುರಿರಬಹುದು. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಮರಾಠಿ. ಆದುದರಿಂದ ಲೆಕ್ಕದಲ್ಲಿ ಸಾಕೆನಿಸುವ ಶಿಕ್ಷಕರು ದಾರಿಯ ದೂರದಲ್ಲಿ ಸಾಲದೆ ಹೋಗುತ್ತಾರೆ.

ನೋಂದಣಿಯ ನಿಯಮವನ್ನು ಸಡಿಲಿಸಿ, ಸಿಕ್ಕವರನ್ನು ನೇಮಿಸಿಕೊಂಡರೆ ಕೊರತೆ ನೀಗುವುದೆಂದು ಕೆಲವರು ವಾದಿಸಬಹುದು. ವೈದ್ಯರು ಕಡಿಮೆಯೆಂದು ಶಸ್ತ್ರವನ್ನು ಯಾರ ಕೈಗಾದರೂ ಕೊಡುವೆವೆ? ಕೊರತೆಗೆ ಪರಿಹಾರವೆಂದರೆ ಕಲಿತವರ ಸಂಖ್ಯೆಯನ್ನು ಹೆಚ್ಚಿಸುವುದು, ಅವರಿಗೆ ಸ್ಥಿರವಾದ ಹುದ್ದೆಯನ್ನು ಕೊಡುವುದು. ಪಿ.ಯು.ಸಿ. ಅಥವಾ ಪದವಿಯ ಬಳಿಕ ಮುಂದೇನೆಂದು ಯೋಚಿಸುತ್ತಿರುವ ವಿದ್ಯಾರ್ಥಿಗಳು ಈ ವೃತ್ತಿಯತ್ತಲೂ ಒಮ್ಮೆ ನೋಡಲಿ. ಧ್ವನಿಯ ನಿಯಮವನ್ನು ಪರೀಕ್ಷೆಗಾಗಿ ಕಲಿತವರು ಅದನ್ನೇ ಒಂದು ಮಗುವಿನ ಓದಿಗಾಗಿ ಬಳಸಬಹುದಾದ ಕ್ಷೇತ್ರವಿದು.