ಮಂಡ್ಯ ಸೀಮೆಯಲ್ಲಿ ವಂಶಾವಳಿ ಶೋಧ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲೂಕುಗಳ ರೈತ ಕುಟುಂಬವೊಂದರ ಪೂರ್ವಿಕರನ್ನು ಹದಿನೇಳು, ಹದಿನೆಂಟನೆಯ ಶತಮಾನಗಳವರೆಗೆ ಗುರುತಿಸುವ ಪ್ರಯತ್ನಕ್ಕೆ ಕಂದಾಯ ದಾಖಲೆ, ಶಾಸನ, ಮನೆದೇವರ ಒಕ್ಕಲುತನ ಹಾಗೂ ಹೆಳವರ ಕಡತಗಳು ಆಧಾರವಾಗುತ್ತವೆ. ಜರ್ಮನಿಯಲ್ಲಿ ಹದಿನಾರನೆಯ ಶತಮಾನದಿಂದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕಗಳಲ್ಲಿ ದಾಖಲಿಸತೊಡಗಿದವು. ಆದ್ದರಿಂದ ಅಲ್ಲಿನ ಸಾಮಾನ್ಯ ರೈತನ ವಂಶವನ್ನೂ ಅನೇಕ ಕಡೆ ಅಷ್ಟು ಹಿಂದಕ್ಕೆ ಅರಸಬಹುದು. ಈ ಸೀಮೆಯ ರೈತರಿಗೆ ಅಂತಹ ಪುಸ್ತಕವಿರಲಿಲ್ಲ.

ಬರಹದ ದಾಖಲೆಗಳು

ನಾಡಕಚೇರಿಯಲ್ಲಿ ಪಡೆಯುವ ವಂಶವೃಕ್ಷವು ಪೌತಿ ಖಾತೆಯಂತಹ ವಾರಸುದಾರಿಕೆಯ ಕೆಲಸಕ್ಕಾಗಿ ಇರುವಂಥದ್ದು. ಅದರಲ್ಲಿ ಕೆಲವೇ ತಲೆಮಾರುಗಳಿರುತ್ತವೆ. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದಪತ್ರಗಳನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿನಲ್ಲಿ ಮರುಕಳಿಸುತ್ತದೆ. ಇಬ್ಬರನ್ನು ಒಬ್ಬನೆಂದು ಎಣಿಸುವ ತಪ್ಪು ಇಲ್ಲಿಯೇ ಹೆಚ್ಚು.

ಈ ಮೂರು ತಾಲೂಕುಗಳ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಪರಿಷ್ಕೃತ ಏಳನೆಯ ಸಂಪುಟದಲ್ಲಿವೆ (1979). ಆದರೆ ಶಾಸನಗಳು ಹೆಸರಿಸುವುದು ಹೆಚ್ಚಾಗಿ ದಾನ ಕೊಟ್ಟವರನ್ನು, ಪಡೆದವರನ್ನು ಮತ್ತು ಕಾದಿ ಮಡಿದವರನ್ನು. ಮದ್ದೂರು ತಾಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರು ಉಳಿದಿದೆ. ಅದೇ ಊರಿನ ಹೊಲ ಉತ್ತವರಲ್ಲಿ ಬಹುಮಂದಿಗೆ ಆ ಭಾಗ್ಯವಿಲ್ಲ.

ಹೆಳವರು

ಈ ಕೊರತೆಯನ್ನು ಒಂದಿಷ್ಟು ತುಂಬುವವರು ಹೆಳವರು. 'ಹೆಳವ' ಎಂದರೆ ಕುಂಟ. ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿ ಎತ್ತಿನ ಮೇಲೆ ಕುಳಿತು ಊರಿಗೆ ಬರುವ ಇವರು ಮನೆಮನೆಯ ವಂಶಕಥನವನ್ನೂ ಯುದ್ಧದಲ್ಲಿ ಮಡಿದವರ ಹೆಸರನ್ನೂ ಹೇಳುತ್ತಾರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಬಳ್ಳಾರಿ ಮತ್ತು ಮೈಸೂರು ಸೀಮೆಗಳನ್ನು ಹೆಸರಿಸಿ ಬರೆದಿದ್ದಾನೆ. ಕುಟುಂಬದ ಮೂಲ ಊರು, ಮನೆದೇವರು, ಬೆಡಗು, ಕವಲೊಡೆದ ದಾಯಾದಿಗಳ ವಿವರ ಅವರ ಕಡತಗಳಲ್ಲಿರುತ್ತವೆ. ಸುಗ್ಗಿಯ ನಂತರ ಬಂದು, ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸಿಕೊಂಡು, ದವಸವನ್ನೋ ಹಣವನ್ನೋ ಪಡೆದು ಹೋಗುವುದು ಪದ್ಧತಿ. ಕಾಣಿಕೆ ಕೊಡುವ ಮನೆಯ ಹಿರಿಮೆಯನ್ನು ಹೊಗಳುವುದೂ ಅವರ ವೃತ್ತಿಯ ಭಾಗವಾದುದರಿಂದ ಆ ಕಥನವನ್ನು ಶಾಸನದಂತೆ ನಂಬಲಾಗದು. ಹೆಣ್ಣುಮಕ್ಕಳ ಹೆಸರುಗಳು ಬಹುಮಟ್ಟಿಗೆ ಅದರಲ್ಲಿ ಇರುವುದಿಲ್ಲ.

ಹೆಳವರ ಹೇಳಿಕೆಯನ್ನು ಒರೆಗೆ ಹಚ್ಚಲು ಮನೆದೇವರು ನೆರವಾಗುತ್ತದೆ. ಮಳವಳ್ಳಿ ತಾಲೂಕಿನ ಮುತ್ತತ್ತಿ ಆಂಜನೇಯನಿಗೋ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠಕ್ಕೋ ನಡೆದುಕೊಳ್ಳುವ ಒಕ್ಕಲು ದೂರದ ಊರಿಗೆ ವಲಸೆ ಹೋದರೂ ಹರಕೆಗೆ ಅಲ್ಲಿಗೇ ಬರುವುದುಂಟು. ದಾಯಾದಿಗಳು ಒಂದೆಡೆ ಸೇರುವುದು ಅಲ್ಲಿಯೇ. ಮರೆತುಹೋದ ಕವಲುಗಳನ್ನು ಕೇಳಿ ಬರೆದುಕೊಳ್ಳಲು ಅದೇ ತಕ್ಕ ಸಮಯ.