ನಡೆಯುತ್ತಿರುವ ದಾಖಲೆ ಭಂಡಾರದಲ್ಲಿ ಡಿಸ್ಕಿನ ಬದಲಾವಣೆ

ವಿದ್ಯಾಸಂಸ್ಥೆಯೊಂದರ ಆಸ್ತಿಯೆಂದರೆ ಅದರ ಕಟ್ಟಡಗಳಷ್ಟೇ ಅಲ್ಲ, ಅದರ ದಾಖಲೆಗಳೂ ಹೌದು. ಪ್ರವೇಶ ಪುಸ್ತಕ, ಅಂಕಪಟ್ಟಿ, ದತ್ತಿಪತ್ರ, ಹಳೆಯ ಸಮಾರಂಭಗಳ ಛಾಯಾಚಿತ್ರ ಇವೆಲ್ಲವೂ ಇಂದು ಗಣಕಯಂತ್ರದ ಡಿಸ್ಕುಗಳನ್ನು ಸೇರುತ್ತಿವೆ. ಆದರೆ ಡಿಸ್ಕು ಅಕ್ಷಯಪಾತ್ರೆಯಲ್ಲ. ಕೆಲವು ವರ್ಷ ದುಡಿದ ಮೇಲೆ ಅದು ಕೆಡುವುದು ನಿಶ್ಚಿತ.

ದಾಖಲೆ ಉಳಿಯುವ ಬಗೆಯನ್ನರಿಯಲು ನಾವು ದೂರ ಹೋಗಬೇಕಾಗಿಲ್ಲ. 1472ರಲ್ಲಿ ಪೂರ್ಣಗೊಂಡ ಬೀದರಿನ ಮಹಮೂದ್ ಗವಾನನ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಪ್ರತೀತಿ. 17ನೆಯ ಶತಮಾನದ ಅಂತ್ಯದಲ್ಲಿ ಮದ್ದಿನ ಸ್ಫೋಟದಿಂದ ಆ ಭವ್ಯ ಕಟ್ಟಡದ ಒಂದು ಪಾರ್ಶ್ವವೇ ಕುಸಿಯಿತು. ಇದಕ್ಕೆ ಪ್ರತಿಯಾಗಿ ವಚನಗಳನ್ನು ನೋಡಿರಿ. ಫ. ಗು. ಹಳಕಟ್ಟಿಯವರು ಊರೂರಿನ ತಾಡೋಲೆ ಕಟ್ಟುಗಳನ್ನು ಅರಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಲು ಸಾಧ್ಯವಾದುದು, ಪ್ರತಿಗಳು ಹಲವು ಮನೆಗಳಲ್ಲಿ ಹಂಚಿಹೋಗಿದ್ದುದರಿಂದ.

ಹಲವು ಪ್ರತಿಗಳೆಂಬ ಈ ಹಳೆಯ ಸೂತ್ರವೇ ಹೊಸ ತಂತ್ರಜ್ಞಾನಕ್ಕೂ ಆಧಾರ. ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ‘ರೇಡ್’ ಎಂಬ ಪದ್ಧತಿಯನ್ನು 1988ರಲ್ಲಿ ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ವಿದ್ವಾಂಸರು ನಿರೂಪಿಸಿದರು. ಅದರ ಸರಳ ರೂಪವಾದ ಪ್ರತಿಬಿಂಬ ವಿಧಾನದಲ್ಲಿ ಪ್ರತಿಯೊಂದು ಮಾಹಿತಿಯೂ ಎರಡು ಡಿಸ್ಕುಗಳಲ್ಲಿರುತ್ತದೆ. 2009ರಲ್ಲಿ ಲಿನಕ್ಸ್‌ಗೆ ಸೇರಿದ ‘ಬಿಟಿಆರ್‌ಎಫ್‌ಎಸ್’ ಎಂಬ ಕಡತ ವ್ಯವಸ್ಥೆಗೆ, ಕೆಲಸ ನಿಲ್ಲಿಸದೆಯೇ ಒಂದು ಡಿಸ್ಕಿನ ಸ್ಥಾನದಲ್ಲಿ ಇನ್ನೊಂದನ್ನು ನೇರವಾಗಿ ತರುವ ಸೌಕರ್ಯವು 2013ರಲ್ಲಿ ದೊರೆಯಿತು.

ಇದರ ಮರ್ಮವನ್ನು ಬೀದರಿನ ಗಾಂಧಿ ಗಂಜ ಬಲ್ಲದು. ಅಲ್ಲಿಯ ಅಡತಿ ಅಂಗಡಿಯಲ್ಲಿ ತೊಗರಿಯ ಚೀಲವೊಂದು ಹರಿಯತೊಡಗಿದರೆ ವ್ಯಾಪಾರ ನಿಲ್ಲುವುದಿಲ್ಲ. ಹಮಾಲನು ಮೊದಲು ಹೊಸ ಚೀಲವನ್ನು ತರುತ್ತಾನೆ. ಕಾಳನ್ನು ಅದಕ್ಕೆ ಸುರಿದ ಮೇಲೆಯೇ ಹಳೆಯದನ್ನು ಎಸೆಯುತ್ತಾನೆ. ಡಿಸ್ಕಿನ ವಿಷಯದಲ್ಲಿಯೂ ಇದೇ ಕ್ರಮ: ಜೋಡಿಸುವುದು ಮೊದಲು, ಕಳಚುವುದು ಕೊನೆಗೆ.

ಮೊದಲನೆಯದಾಗಿ, ಕೆಟ್ಟ ಡಿಸ್ಕು ಯಾವುದೆಂಬುದನ್ನು ಅದರ ಮೈಮೇಲೆ ಅಚ್ಚಾದ ಕ್ರಮಸಂಖ್ಯೆಯಿಂದ ಗುರುತಿಸಬೇಕು. ಯಂತ್ರವು ಡಿಸ್ಕಿಗೆ ಕೊಡುವ ಹೆಸರು ಮರುಚಾಲನೆಯಲ್ಲಿ ಬದಲಾಗಬಹುದು. ಆ ಹೆಸರನ್ನು ನಂಬಿ ಒಳ್ಳೆಯ ಡಿಸ್ಕನ್ನೇ ಕಳಚಿದರೆ ಅನರ್ಥವಾದೀತು. ಎರಡನೆಯದಾಗಿ, ಹೊಸ ಡಿಸ್ಕಿನ ಧಾರಣಶಕ್ತಿ ಹಳೆಯದರಷ್ಟಾದರೂ ಇರಬೇಕು. ಚಾಲನೆಯಲ್ಲಿರುವಾಗಲೇ ಜೋಡಿಸುವ ಅನುಕೂಲ ಯಂತ್ರಕ್ಕಿಲ್ಲದಿದ್ದರೆ ಒಮ್ಮೆ ಆರಿಸಿ ಜೋಡಿಸುವುದೇ ಲೇಸು. ಮೂರನೆಯದಾಗಿ, ಬದಲಾವಣೆಯ ಆದೇಶ ಕೊಟ್ಟೊಡನೆ ವ್ಯವಸ್ಥೆಯು ಮಾಹಿತಿಯನ್ನು ಹೊಸ ಡಿಸ್ಕಿಗೆ ಸಾಗಿಸತೊಡಗುತ್ತದೆ. ಹಳೆಯದು ತೀರ ಹದಗೆಟ್ಟಿದ್ದರೆ, ಸಾಧ್ಯವಾದಷ್ಟನ್ನು ಪ್ರತಿಬಿಂಬದಿಂದಲೇ ಓದುವಂತೆ ಸೂಚಿಸಬಹುದು. ನಾಲ್ಕು ಟೆರಾಬೈಟ್ ಮಾಹಿತಿಯು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಸಾಗಲು ಸುಮಾರು ಏಳೂವರೆ ಗಂಟೆ ಬೇಕು. ಆ ಅವಧಿಯಲ್ಲಿ ಕಚೇರಿಯ ಕೆಲಸ ತುಸು ನಿಧಾನವಾಗಿಯಾದರೂ ನಡೆದೇ ಇರುತ್ತದೆ. ಕೊನೆಯದಾಗಿ, ಅಂಗಡಿಯ ಕಿರ್ದಿಯನ್ನೂ ಖಾತೆಯನ್ನೂ ತಾಳೆ ನೋಡುವಂತೆ, ಎಲ್ಲ ಪ್ರತಿಗಳನ್ನೂ ಓದಿಸಿ ಪರೀಕ್ಷಿಸಬೇಕು. ಹೊಸ ಡಿಸ್ಕು ದೊಡ್ಡದಾಗಿದ್ದರೆ, ಹೆಚ್ಚಿನ ಸ್ಥಳ ಬಳಕೆಗೆ ಬರಲು ಬೇರೊಂದು ಆದೇಶ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಪ್ರತಿಬಿಂಬವು ಡಿಸ್ಕಿನ ಮರಣದಿಂದ ಕಾಪಾಡುತ್ತದೆಯೇ ಹೊರತು ಮನುಷ್ಯನ ಕೈತಪ್ಪಿನಿಂದಲ್ಲ. ಅಳಿಸಿದ ಕಡತವು ಎರಡೂ ಡಿಸ್ಕುಗಳಲ್ಲಿ ಒಟ್ಟಿಗೆ ಅಳಿಯುತ್ತದೆ. ಬೆಂಕಿ, ಸಿಡಿಲು, ಕಳವುಗಳಿಗೆ ಎರಡೂ ಒಟ್ಟಿಗೆ ತುತ್ತಾಗಬಹುದು. ಆದುದರಿಂದ ಬೇರೊಂದು ಕಟ್ಟಡದಲ್ಲಿ, ಸಾಧ್ಯವಾದರೆ ಬೇರೊಂದು ಊರಿನಲ್ಲಿ, ಪ್ರತ್ಯೇಕ ಪ್ರತಿಯೊಂದು ಇರಲೇಬೇಕು.

ಕಟ್ಟಡಕ್ಕೆ ದಾನವಿತ್ತವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಬೀರುವಿನಲ್ಲಿ ಕಾದಿರಿಸಿದ ಒಂದು ಡಿಸ್ಕಿನ ಮೇಲೆ ಯಾರ ಹೆಸರೂ ಇರದು. ಆದರೆ ಮೂವತ್ತು ವರ್ಷಗಳ ತರುವಾಯ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಪ್ರವೇಶದ ದಾಖಲೆಯನ್ನು ಕೇಳಿಕೊಂಡು ಬಂದಾಗ, ಅದನ್ನು ಅವನ ಕೈಗಿಡಲು ನೆರವಾಗುವುದು ಅಂಥ ಡಿಸ್ಕೇ. ಶಾಲೆಗಳ ವಾರ್ಷಿಕ ಆಯವ್ಯಯದಲ್ಲಿ ಅದಕ್ಕೊಂದು ಸ್ಥಾನವಿರಲಿ.